ಒಂದೊಂದೇ ಇಟ್ಟಿಗೆ: ಗಿನಿ ಪಿಗ್‌ಗೆ ಅಟ್ಟ ಹತ್ತಿ ಇಳಿಯುವುದನ್ನು ಕಲಿಸುವ ಬಗೆ

ನಮ್ಮ ಗಿನಿ ಪಿಗ್ ಕಡಲೆ ಒಂದು ಇಡೀ ರಾತ್ರಿಯನ್ನು ಪಂಜರದ ಅಟ್ಟದ ಮೇಲೆಯೇ ಕಳೆದಳು. ಬೆಳಿಗ್ಗೆ ಹಾಲು ತರಲು ಎದ್ದ ನಾನು ಪಂಜರದ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿ ನೋಡಿದರೆ, ಮೇಲಿನ ಅಂತಸ್ತಿನ ಮೂಲೆಯಲ್ಲಿ ಮುದುಡಿಕೊಂಡು ಕುಳಿತಿದ್ದಳು. ಮೈಯ ಕೂದಲೆಲ್ಲ ಉಬ್ಬಿತ್ತು. ನೀರಿನ ಬಾಟಲಿ ಕೆಳಗೆ, ಹುಲ್ಲು ಕೆಳಗೆ, ಜೊತೆಗಾತಿ ಬೆಲ್ಲ ಕೆಳಗೆ. ಹತ್ತುವಾಗ ಹೇಗೋ ಹತ್ತಿಬಿಟ್ಟಿದ್ದಾಳೆ, ಇಳಿಯಲು ಮಾತ್ರ ಧೈರ್ಯ ಬಂದಿಲ್ಲ. ಗಿನಿ ಪಿಗ್‌ನ ಹೊಟ್ಟೆಯಲ್ಲಿ ಸದಾ ಏನಾದರೂ ಅರೆಯುತ್ತಿರಬೇಕು. ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಒಂದು ದಿನ ದಾಟಿದರೆ ಜೀವಕ್ಕೇ ಸಂಚಕಾರ. ಆ ಬೆಳಿಗ್ಗೆ ಅವಳನ್ನು ಎತ್ತಿ ಕೆಳಗಿಟ್ಟು, ಅವಳು ಹುಲ್ಲಿಗೆ ಬಾಯಿ ಹಾಕುವವರೆಗೆ ನಾನು ಕಾಫಿ ಕೂಡ ಕುಡಿಯಲಿಲ್ಲ.

ಪಂಜರ ಕೊಂಡದ್ದು ಪೇಟೆಯ ಒಂದು ಅಂಗಡಿಯಲ್ಲಿ. "ಎರಡು ಅಂತಸ್ತಿನದು ಮೇಡಂ, ಮನೆಯಲ್ಲಿ ಜಾಗ ಉಳಿಯುತ್ತದೆ" ಎಂದಿದ್ದರು. ಮೇಲಕ್ಕೆ ಹೋಗಲು ಇದ್ದದ್ದು ತಂತಿಯ ಒಂದು ಏಣಿ, ಗೋಡೆಗೆ ಒರಗಿಸಿಟ್ಟಂತೆ ಕಡಿದು. ನಮ್ಮಮ್ಮನಂತೂ ಮೊದಲ ದಿನವೇ "ಇಲಿಗೆ ಮಹಡಿ ಮನೆ ಬೇರೆ ಕೇಡು" ಎಂದು ಗೊಣಗಿದ್ದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಗಿನಿ ಪಿಗ್‌ಗೆ ಮಹಡಿ ಅಗತ್ಯವೇನಲ್ಲ. ಕೊಡುವುದಾದರೆ ಸರಿಯಾಗಿ ಕೊಡಬೇಕು. ನಿಮ್ಮ ಪಂಜರದ ಜೊತೆಗೂ ಅಂಥ ತಂತಿ ಏಣಿ ಬಂದಿದ್ದರೆ ಇವತ್ತೇ ಬಿಚ್ಚಿ ಗುಜರಿಗೆ ಹಾಕಿ. ಉಳಿದದ್ದನ್ನು ಆಮೇಲೆ ನೋಡೋಣ.

ಇದು ಹತ್ತುವ ಜಾತಿಯಲ್ಲ

ಗಿನಿ ಪಿಗ್‌ಗಳ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಸೀಮೆ. ಅಲ್ಲಿನ ಕಾಡು ಬಂಧುಗಳು ಎತ್ತರದ ಹುಲ್ಲಿನ ನಡುವೆ ಸುರಂಗದಂಥ ದಾರಿ ಮಾಡಿಕೊಂಡು ಓಡಾಡುತ್ತವೆ. ಇಲಿಯ ಹಾಗೆ ಮರ ಹತ್ತುವುದಿಲ್ಲ, ಅಳಿಲಿನ ಹಾಗೆ ಬಾಲ ಬೀಸಿ ತೂಕ ಸರಿದೂಗಿಸಿಕೊಳ್ಳುವುದಿಲ್ಲ. ಬಾಲವೇ ಇಲ್ಲ ಎಂದರೂ ಸರಿ. ಸುಮಾರು ಒಂದು ಕಿಲೋ ತೂಗುವ ಗುಂಡನೆಯ ಮೈ, ಅದರ ಕೆಳಗೆ ನಾಲ್ಕು ಗಿಡ್ಡ ಕಾಲು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರೇ.

ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಹಿಂದಿನಿಂದ ಬರುವ ಬೆಕ್ಕು ಕಾಣುತ್ತದೆ, ಮೇಲಿನಿಂದ ಎರಗುವ ಹದ್ದಿನ ನೆರಳೂ ಕಾಣುತ್ತದೆ. ಆದರೆ ಮೂಗಿನ ಮುಂದಿರುವ ಹಳ್ಳ ಎಷ್ಟು ಆಳ ಎನ್ನುವ ಅಂದಾಜು ಸಿಗುವುದು ಕಷ್ಟ. ಮೇಲೆ ಹೋಗುವಾಗ ಮೂಗಿನ ಮುಂದೆ ಹಲಗೆ ಇರುತ್ತದೆ, ಕೊನೆಯಲ್ಲಿ ಸೊಪ್ಪಿನ ವಾಸನೆ ಇರುತ್ತದೆ. ಇಳಿಯುವಾಗ ಮುಂದಿರುವುದು ಬರೀ ಬಯಲು, ಹಿಂದಿನಿಂದ ಮೈಯ ಭಾರವೆಲ್ಲ ಮುಂದಕ್ಕೆ ತಳ್ಳುತ್ತದೆ. ಆದ್ದರಿಂದಲೇ ಹತ್ತಿದ ಗಿನಿ ಪಿಗ್ ಅಂಚಿಗೆ ಬಂದು ಕಲ್ಲಾಗಿ ನಿಲ್ಲುತ್ತದೆ. ಹತ್ತುವುದನ್ನು ಆಸೆ ಕಲಿಸುತ್ತದೆ. ಇಳಿಯುವುದನ್ನು ಕಲಿಸಬೇಕಾದವರು ನಾವು. ಮುಂದೆ ಹೇಳುವ ಇಟ್ಟಿಗೆಯ ಕ್ರಮ ಹುಟ್ಟಿಕೊಂಡದ್ದು ಇದೇ ಕಾರಣಕ್ಕೆ.

ಒಂದಕ್ಕೆ ಮೂರು

ಅಳತೆಯಲ್ಲಿ ನೆನಪಿಡಬೇಕಾದ ಲೆಕ್ಕ ಒಂದೇ: ಅಟ್ಟ ಒಂದು ಅಡಿ ಎತ್ತರವಿದ್ದರೆ ಹತ್ತಿ ಇಳಿಯುವ ಇಳಿಜಾರಿನ, ಅಂದರೆ ರ‍್ಯಾಂಪಿನ ಹಲಗೆ ಮೂರು ಅಡಿ ಉದ್ದವಿರಬೇಕು. ಆಗ ಇಳಿಜಾರು ಸುಮಾರು 20 ಡಿಗ್ರಿಗೆ ನಿಲ್ಲುತ್ತದೆ. ಎರಡೇ ಅಡಿಯ ಹಲಗೆ ಹಾಕಿದರೆ 30 ಡಿಗ್ರಿ. ಎಳೆಯ, ಚುರುಕಾದ ಪ್ರಾಣಿ ಅದನ್ನೂ ಹತ್ತೀತು, ಆದರೆ ಅದಕ್ಕಿಂತ ಕಡಿದಾದದ್ದು ಬೇಡವೇ ಬೇಡ. ಅಟ್ಟದ ಎತ್ತರವೂ ಒಂದು ಅಡಿ ದಾಟದಿರಲಿ. ಎತ್ತರದಿಂದ ಬಿದ್ದರೆ ಕಾಲು ಮುರಿಯಬಹುದು, ಹಲ್ಲು ಮುರಿಯಬಹುದು, ಬೆನ್ನಿಗೆ ಪೆಟ್ಟಾಗಬಹುದು.

ಅಟ್ಟ ಎನ್ನುವುದು ಹೆಚ್ಚುವರಿ ಜಾಗ, ಕೆಳಗಿನ ಜಾಗಕ್ಕೆ ಬದಲಿಯಲ್ಲ. ಎರಡು ಗಿನಿ ಪಿಗ್‌ಗಳಿಗೆ ನೆಲದಲ್ಲಿಯೇ ಕನಿಷ್ಠ ಎಂಟು ಚದರ ಅಡಿ ಬೇಕು, ಹತ್ತು ಹನ್ನೆರಡು ಇದ್ದರೆ ಲೇಸು. ಅವು ಓಡುವುದು ಮಟ್ಟಸವಾದ ನೆಲದಲ್ಲಿ. ನಾನು ಅಂಗಡಿಯ ಪಂಜರವನ್ನು ಬಿಟ್ಟು, ನಡುಮನೆಯ ಗೋಡೆಗೆ ತಾಗಿಸಿ ತಂತಿ ಜಾಲರಿಯ ಚೌಕಗಳನ್ನು ಜೋಡಿಸಿ ಏಳು ಅಡಿ ಉದ್ದ, ಎರಡೂವರೆ ಅಡಿ ಅಗಲದ ಆವರಣ ಮಾಡಿಕೊಂಡೆ. ಒಂದು ತುದಿಯಲ್ಲಿ ಅಟ್ಟ, ಅಲ್ಲಿಂದ ಗೋಡೆಯುದ್ದಕ್ಕೂ ಹಲಗೆ, ಹಲಗೆ ಮುಗಿಯುವಲ್ಲಿ ಒಂದೂವರೆ ಅಡಿಗೂ ಹೆಚ್ಚು ಖಾಲಿ ನೆಲ. ಆ ಖಾಲಿ ನೆಲವನ್ನು ಬಿಡಲು ಮರೆಯಬೇಡಿ. ಓಡಿಕೊಂಡು ಇಳಿದು ಬರುವ ಪ್ರಾಣಿಗೆ ಎದುರಿಗೇ ಗೋಡೆ ಸಿಕ್ಕರೆ ಮರುದಿನ ಅದು ಹಲಗೆಯ ಹತ್ತಿರ ಸುಳಿಯುವುದಿಲ್ಲ.

ನಮ್ಮದು ಮಾಲೂರು. ಇಟ್ಟಿಗೆ, ಹೆಂಚಿಗೆ ಹೆಸರಾದ ಊರು. ಮನೆ ಕಟ್ಟಿದಾಗ ಉಳಿದ ಇಟ್ಟಿಗೆಗಳು ಹಿತ್ತಲಿನಲ್ಲಿ ಪಾಚಿ ಕಟ್ಟಿಕೊಂಡು ಬಿದ್ದಿದ್ದವು. ಒಂದೊಂದೂ ಮೂರು ಅಂಗುಲ ದಪ್ಪ. ನಾಲ್ಕು ವರಸೆ ಪೇರಿಸಿದರೆ ಸರಿಯಾಗಿ ಒಂದು ಅಡಿ. ಅಟ್ಟದ ಹಲಗೆಯ ನಾಲ್ಕು ಮೂಲೆಗೆ ನಾಲ್ಕು ಕಂಬ, ಪ್ರತಿ ವರಸೆಗೆ ಎರಡೆರಡು ಇಟ್ಟಿಗೆ, ಒಂದು ವರಸೆ ಉದ್ದಕ್ಕಿದ್ದರೆ ಅದರ ಮೇಲಿನದು ಅಡ್ಡಕ್ಕೆ. ಒಟ್ಟು 32 ಇಟ್ಟಿಗೆ. ಗಾರೆ ಬೇಡ, ಅವುಗಳ ಭಾರವೇ ಅವನ್ನು ಹಿಡಿದಿಡುತ್ತದೆ. ಇಟ್ಟಿಗೆಯನ್ನು ತೊಳೆದು ಒಣಗಿಸಿ, ಉದುರುವ ಮೂಲೆಗಳಿದ್ದರೆ ಉಜ್ಜಿ ನಯಮಾಡಿ. ಅಟ್ಟದ ಕೆಳಗೆ ತಾನಾಗಿಯೇ ತಂಪಾದ ಕತ್ತಲೆ ಗೂಡೊಂದು ಸಿಗುತ್ತದೆ. ನಿಜ ಹೇಳಬೇಕೆಂದರೆ ನಮ್ಮ ಬೆಲ್ಲಳಿಗೆ ಇಂದಿಗೂ ಅಟ್ಟಕ್ಕಿಂತ ಅದರ ಕೆಳಗಿನ ಗೂಡೇ ಹೆಚ್ಚು ಇಷ್ಟ.

ಪಕ್ಕದ ಮನೆಯವರು ಟೊಮೆಟೊ ಕ್ರೇಟನ್ನು ಬೋರಲು ಹಾಕಿ ಎಂದು ಸಲಹೆ ಕೊಟ್ಟರು. ಕೋಲಾರ ಜಿಲ್ಲೆಯಲ್ಲಿ ಕ್ರೇಟಿಗೇನು ಬರ? ಅದರ ತೂತುಗಳಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ, ಮೇಲೆ ಹಲಗೆ ಮುಚ್ಚದೆ ಬಳಸುವಂತಿಲ್ಲ. ಔಷಧಿ ಹೊಡೆದ ಹಣ್ಣು ತುಂಬಿದ್ದ ಕ್ರೇಟಾದ್ದರಿಂದ ಸೋಪು ಹಾಕಿ ತಿಕ್ಕಿ ತೊಳೆಯಲೇಬೇಕು. ಅದಕ್ಕಿಂತ ಮುಖ್ಯವಾಗಿ, ಕ್ರೇಟಿನ ಎತ್ತರವನ್ನು ದಿನಕ್ಕಿಷ್ಟು ಎಂದು ಏರಿಸಲು ಬರುವುದಿಲ್ಲ.

ರ‍್ಯಾಂಪಿನ ಹಲಗೆ ಹತ್ತು ಅಂಗುಲ ಅಗಲವಿರಲಿ. ಬಣ್ಣ, ವಾರ್ನಿಷ್ ಬೇಡ, ಗಿನಿ ಪಿಗ್‌ಗಳು ಹಲಗೆಯನ್ನು ಕಡಿಯದೆ ಬಿಡುವುದಿಲ್ಲ. ಎರಡೂ ಬದಿಗೆ ನಾಲ್ಕೈದು ಅಂಗುಲ ಎತ್ತರದ ಪಟ್ಟಿಯನ್ನು ಗೋಡೆಯ ಹಾಗೆ ಕೂರಿಸಿ. ಇದರಲ್ಲಿ ಖರ್ಚು ಉಳಿಸಲು ಹೋಗಬೇಡಿ, ಬದಿ ಕಾಣದಿದ್ದರೆ ಭಯ ಅರ್ಧಕ್ಕರ್ಧ ಇಳಿಯುತ್ತದೆ. ಹಲಗೆಯ ಮೇಲೆ ನಾಲ್ಕು ಅಂಗುಲಕ್ಕೊಂದರಂತೆ ತೆಳುವಾದ ಅಡ್ಡಪಟ್ಟಿ ಹೊಡೆದು ಅದರ ಮೇಲೆ ಬಟ್ಟೆ ಬಿಗಿಯಬೇಕು. ಬಟ್ಟೆಯ ವಿಷಯದಲ್ಲಿ ನಾನು ಮೂರು ಸಲ ಎಡವಿದೆ. ಗೋಣಿತಾಟು ಹಾಕಿದಾಗ ಅದರ ನಾರು ಉಗುರಿಗೆ ಸುತ್ತಿಕೊಂಡಿತು. ಸ್ನಾನದ ಟವೆಲ್ಲಿನ ಎಳೆಗಳೂ ಅದನ್ನೇ ಮಾಡಿದವು. ಕುರಿ ಕಂಬಳಿಯ ತುಂಡಿನ ಮೇಲೆ ಕಾಲು ಚೆನ್ನಾಗಿ ನಿಂತಿತು, ಆದರೆ ಮೂತ್ರ ಬಿದ್ದರೆ ಎರಡು ದಿನ ಒಣಗಲಿಲ್ಲ, ಮನೆಯೆಲ್ಲ ಕುರಿಹಟ್ಟಿ. ಕೊನೆಗೆ ಉಳಿದದ್ದು ಚಳಿಗಾಲದ ಹೊದಿಕೆಗೆ ಬಳಸುವ ಮೆತ್ತನೆಯ ಫ್ಲೀಸ್ ಬಟ್ಟೆ. ಎಳೆ ಬಿಡುವುದಿಲ್ಲ, ಬೇಗ ಒಣಗುತ್ತದೆ. ಎರಡು ತುಂಡು ಇಟ್ಟುಕೊಂಡು ಬದಲಾಯಿಸುತ್ತಿರಿ.

ಹಲಗೆಯ ಮೇಲ್ತುದಿಯನ್ನು ಅಟ್ಟಕ್ಕೆ ಕೊಕ್ಕೆಯಿಂದ ಸಿಕ್ಕಿಸಿ, ನಡುವೆ ಬೆರಳು ತೂರುವಷ್ಟೂ ಸಂದು ಬಿಡಬೇಡಿ. ಕೆಳತುದಿಯ ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಅಂಟಿಸಿದರೆ ಜಾರುವುದಿಲ್ಲ. ಎರಡು ಕಿಲೋ ಅಕ್ಕಿಯ ಚೀಲವನ್ನು ಹಲಗೆಯ ನಡುವೆ ಇಟ್ಟು ಅಲ್ಲಾಡಿಸಿ ನೋಡಿ. ಟಕ್ ಎಂಬ ಸದ್ದು ಬಂದರೂ ಸರಿಪಡಿಸಿ. ಒಂದೇ ಒಂದು ಸಲ ಕಾಲ ಕೆಳಗಿನ ಹಲಗೆ ಅಲುಗಿದರೆ ಅವು ಅದನ್ನು ವಾರಗಟ್ಟಲೆ ಮರೆಯುವುದಿಲ್ಲ. ಅಟ್ಟದ ತೆರೆದ ಅಂಚುಗಳಿಗೂ ಆರು ಅಂಗುಲದ ತಡೆ ಬೇಕು.

ಮೊದಲು ನೆಲದ ಮೇಲೆ

ಹೊಸದಾಗಿ ಮನೆಗೆ ಬಂದ ಗಿನಿ ಪಿಗ್‌ಗೆ ಒಂದೆರಡು ವಾರ ಏನನ್ನೂ ಕಲಿಸಬೇಡಿ. ನಿಮ್ಮ ಕೈಯಿಂದ ಕೊತ್ತಂಬರಿ ಸೊಪ್ಪು ಕಿತ್ತುಕೊಂಡು ತಿನ್ನುವಷ್ಟು ಸಲಿಗೆ ಬಂದ ಮೇಲೆ ಶುರು ಮಾಡಿ.

ಇಟ್ಟಿಗೆ ಹಿತ್ತಲಿನಲ್ಲಿಯೇ ಇರಲಿ. ರ‍್ಯಾಂಪಿನ ಹಲಗೆಯನ್ನು ನೆಲಕ್ಕೆ ಮಟ್ಟಸವಾಗಿ ಹಾಸಿಬಿಡಿ, ಅದರ ತುದಿಗೆ ಅಟ್ಟದ ಹಲಗೆಯನ್ನೂ ಹಾಗೆಯೇ. ಅವು ಮಲಗಿದ್ದ ಬಟ್ಟೆಯೊಂದನ್ನು ತೊಳೆಯದೆ ಹಲಗೆಯ ಮೇಲೆ ಹರಡಿ. ಹೊಸ ವಸ್ತುವಿಗೆ ತಮ್ಮದೇ ವಾಸನೆ ಹತ್ತಿದ್ದರೆ ಅನುಮಾನ ಕಡಿಮೆ. ದಿನದ ಹುಲ್ಲನ್ನು ಅಲ್ಲಿಯೇ ಹಾಕಿ. ನಮ್ಮಲ್ಲಿ ಮೊದಲ ದಿನ ಬೆಲ್ಲ ಹಲಗೆಯ ಅಂಚನ್ನು ಮೂಸಿ, ಮುಂಗಾಲೆರಡನ್ನು ಮೇಲಿಟ್ಟು, ಕತ್ತನ್ನು ಎಷ್ಟು ಚಾಚಬಹುದೋ ಅಷ್ಟು ಚಾಚಿ ಹುಲ್ಲೆಳೆದುಕೊಂಡು ಹಿಂದೆ ಸರಿದಳು. ಹಿಂಗಾಲು ನೆಲ ಬಿಡಲಿಲ್ಲ. ಎರಡನೆಯ ದಿನ ಹಲಗೆಯ ಮೇಲೆಯೇ ಕುಳಿತು ತಿಂದಳು. ನಾಲ್ಕನೆಯ ದಿನ ಇಬ್ಬರೂ ಅದರ ಮೇಲೆ ಕಾಲು ಚಾಚಿ ಮಲಗಿದ್ದರು. ಕಾಲು ಚಾಚಿ ಮಲಗಿದರೆ ಹಲಗೆ ಅವರ ಆಸ್ತಿಪತ್ರಕ್ಕೆ ಸೇರಿತು ಎಂದೇ ಅರ್ಥ.

ವರಸೆಯಿಂದ ವರಸೆಗೆ

ಈಗ ಅಟ್ಟದ ಹಲಗೆಯ ಕೆಳಗೆ ಒಂದು ವರಸೆ ಇಟ್ಟಿಗೆ ಇಡಿ. ಎತ್ತರ ಮೂರೇ ಅಂಗುಲ, ಇಳಿಜಾರು ಐದು ಡಿಗ್ರಿಯೂ ಇಲ್ಲ. ಪ್ರಾಣಿಗೆ ಹತ್ತಿದ್ದೇ ಗೊತ್ತಾಗುವುದಿಲ್ಲ. ಆದರೂ ಅದು ಹತ್ತಿದೆ, ಅದಕ್ಕಿಂತ ಹೆಚ್ಚಾಗಿ ಇಳಿದಿದೆ. ಮೊದಲ ದಿನವೇ ಒಂದು ಅಡಿ ಎತ್ತರದಲ್ಲಿ ಹಲಗೆ ಕೂರಿಸಿ ಸೊಪ್ಪು ತೋರಿಸಿ ಹತ್ತಿಸಿದರೆ, ಇಳಿಯುವ ಮೊದಲ ಪಾಠವೇ ಅತಿ ಕಠಿಣ ಪಾಠವಾಗುತ್ತದೆ. ಅಟ್ಟವೂ ಹಲಗೆಯೂ ಒಟ್ಟಿಗೆ ಏರುತ್ತ ಹೋದರೆ ಹತ್ತುವುದೂ ಇಳಿಯುವುದೂ ಜೋಡಿ ಎತ್ತುಗಳಂತೆ ಸಾಗುತ್ತವೆ.

ಅಭ್ಯಾಸಕ್ಕೆ ಬೆಳಿಗ್ಗೆ ಮತ್ತು ಮುಸ್ಸಂಜೆ ಒಳ್ಳೆಯದು, ಅವು ಚುರುಕಾಗಿರುವುದೂ ಆಗಲೇ. ಹತ್ತು ನಿಮಿಷ ಸಾಕು. ಕೊತ್ತಂಬರಿ ಸೊಪ್ಪನ್ನು ಚಿವುಟಿ ಗೇಣಿಗೊಂದು ಎಸಳಿನಂತೆ ಹಲಗೆಯುದ್ದಕ್ಕೂ ಇಡಿ, ಅಟ್ಟದ ಮೇಲೆ ಒಂದು ಪುಟ್ಟ ಹಿಡಿ. ಮೇಲಿನದು ಮುಗಿದ ಮೇಲೆ ಕೆಳತುದಿಯಲ್ಲಿ ಮತ್ತೊಂದು ಹಿಡಿ ಇಟ್ಟು, ಕವರಿನ ಸರಪರ ಸದ್ದು ಮಾಡಿ. ಫ್ರಿಜ್ಜಿನ ಬಾಗಿಲು, ಪ್ಲಾಸ್ಟಿಕ್ ಕವರು: ಈ ಎರಡು ಸದ್ದುಗಳಿಗೆ ಗಿನಿ ಪಿಗ್ 'ವೀಕ್ ವೀಕ್' ಎಂದು ಮನೆ ಹಾರಿಹೋಗುವಂತೆ ಕೂಗುತ್ತದೆ. ಆ ಆಸೆಯಲ್ಲಿ ಇಳಿಜಾರು ಮರೆತುಹೋಗುತ್ತದೆ. ಇಳಿದು ಬಂದಾಗ ಸಿಗುವ ಹಿಡಿ ಮೇಲಿನದಕ್ಕಿಂತ ಸ್ವಲ್ಪ ದೊಡ್ಡದಿರಲಿ.

ಅಟ್ಟದ ಮೇಲೆ ಅಡಗಲು ಒಂದು ಜಾಗ ಬೇಕು. ರಟ್ಟಿನ ಡಬ್ಬಕ್ಕೆ ಎರಡು ಬಾಗಿಲು ಕತ್ತರಿಸಿ ಬೋರಲು ಹಾಕಿದರೆ ಆಯಿತು. ಒಂದೇ ಬಾಗಿಲಿದ್ದರೆ ಒಬ್ಬಳು ಇನ್ನೊಬ್ಬಳನ್ನು ಒಳಗೆ ಕೂಡಿಹಾಕುತ್ತಾಳೆ. ಅಲ್ಲಿಯೂ ಹುಲ್ಲು, ನೀರಿನ ಇನ್ನೊಂದು ಬಾಟಲಿ ಇರಲೇಬೇಕು. ಕಡಲೆಯ ಆ ರಾತ್ರಿಯ ನಂತರ ನಮ್ಮಲ್ಲಿ ಈ ನಿಯಮಕ್ಕೆ ರಿಯಾಯಿತಿ ಇಲ್ಲ.

ಯಾವಾಗ ಮುಂದಿನ ವರಸೆ? ಸೊಪ್ಪಿನ ಆಮಿಷವಿಲ್ಲದೆಯೇ, ನೀವು ಎದುರಿಗಿಲ್ಲದಾಗಲೂ, ಎರಡೂ ತಾವಾಗಿಯೇ ಹತ್ತಿ ಇಳಿಯುತ್ತಿರಬೇಕು. ಇದಕ್ಕೆ ಕ್ಯಾಮೆರಾ ಬೇಕಾಗಿಲ್ಲ, ಹಿಕ್ಕೆ ನೋಡಿ. ರಾತ್ರಿ ಅಟ್ಟವನ್ನು ಗುಡಿಸಿಟ್ಟರೆ ಬೆಳಿಗ್ಗೆ ಅಲ್ಲಿ ಎಷ್ಟು ಹಿಕ್ಕೆ ಬಿದ್ದಿದೆ ಎನ್ನುವುದೇ ಹಾಜರಿ ಪುಸ್ತಕ. ನಾಲ್ಕು ಕಾಳು ಬಿದ್ದಿದ್ದರೆ ಬಂದು ಹೆದರಿ ಓಡಿದ್ದಾರೆ. ಎರಡೂ ಅಂತಸ್ತಿನಲ್ಲಿ ಧಾರಾಳವಾಗಿ ಹರಡಿದ್ದರೆ ರಾತ್ರಿಯೆಲ್ಲ ಓಡಾಟ ನಡೆದಿದೆ. ಮೇಲೆ ರಾಶಿ, ಕೆಳಗೆ ಏನೂ ಇಲ್ಲ ಎಂದರೆ ಯಾರೋ ಸಿಕ್ಕಿಕೊಂಡಿದ್ದಾರೆ, ಒಂದು ವರಸೆ ತೆಗೆಯಿರಿ. ಎರಡು ಪ್ರಾಣಿಗಳಿರುವಾಗ ಯಾರದು ಯಾವುದು ಎನ್ನುವುದು ಹಿಕ್ಕೆಯಿಂದ ತಿಳಿಯದು. ಅದಕ್ಕೆ ಬೆಳಗಿನ ಜಾವ ಒಂದೆರಡು ಸಲ ಎದ್ದು ಇಣುಕಿ ನೋಡಲೇಬೇಕು.

ನಮ್ಮ ಲೆಕ್ಕ ಹೀಗಿತ್ತು: ನೆಲದ ಮೇಲೆ ನಾಲ್ಕು ದಿನ, ಒಂದನೆಯ ವರಸೆ ಮೂರು ದಿನ, ಎರಡನೆಯದು ಐದು ದಿನ, ಮೂರನೆಯದು ಹನ್ನೊಂದು ದಿನ, ನಾಲ್ಕನೆಯದು ಒಂದು ವಾರ. ನಿಮ್ಮದು ಇದರ ಅರ್ಧವಾಗಬಹುದು, ಎರಡರಷ್ಟೂ ಆಗಬಹುದು.

ಮೂರನೆಯ ವರಸೆಯ ಹನ್ನೊಂದು ದಿನ

ಇಳಿಜಾರು 15 ಡಿಗ್ರಿ ಮುಟ್ಟುವುದು ಮೂರನೆಯ ವರಸೆಯಲ್ಲಿ. ಕಡಲೆ ಹತ್ತಿದಳು, ತಿಂದಳು, ಹಲಗೆಯ ತಲೆಗೆ ಬಂದು ನಿಂತಳು. ಮುಂಗಾಲು ಒಂದು ಇಳಿಸುವಳು, ಮೀಸೆ ಅದುರಿಸುವಳು, ಕಾಲು ಹಿಂದೆ ಎಳೆದುಕೊಳ್ಳುವಳು. ರಜೆಗೆ ಬಂದಿದ್ದ ಅಕ್ಕನ ಮಗ "ಚಿಕ್ಕಮ್ಮಾ, ಸ್ವಲ್ಪ ತಳ್ಳಲೇ?" ಎಂದು ಕೈ ಚಾಚಿದ. ಬೇಡ ಎನ್ನುವಷ್ಟರಲ್ಲಿ ಬೆರಳು ತಾಗಿಯೂ ಆಗಿತ್ತು. ಕಡಲೆ ಗಿರಕ್ಕನೆ ತಿರುಗಿ ರಟ್ಟಿನ ಡಬ್ಬದೊಳಗೆ ಹೋಗಿ ಕುಳಿತಳು. ಆಮೇಲೆ ಮೂರು ದಿನ ಹಲಗೆಗೆ ಮುಖವನ್ನೂ ತೋರಿಸಲಿಲ್ಲ. ಹಿಂದಿನಿಂದ, ಮೇಲಿನಿಂದ ಬರುವ ಕೈ ಅವುಗಳ ಪಾಲಿಗೆ ಬೇಟೆಯಾಡುವ ಪ್ರಾಣಿಯ ಕೈ. ತಳ್ಳಬೇಡಿ, ಎಳೆಯಬೇಡಿ, ಎತ್ತಿ ತಂದು ಹಲಗೆಯ ನಡುವೆ ಬಿಡಬೇಡಿ. ಸಿಕ್ಕಿಕೊಂಡಿದ್ದರೆ ಎದೆಯ ಕೆಳಗೊಂದು ಕೈ, ಹಿಂಭಾಗಕ್ಕೊಂದು ಕೈ ಕೊಟ್ಟು ಎತ್ತಿ ನೆಲಕ್ಕೇ ಇಳಿಸಿ, ಆ ಹೊತ್ತಿನ ಪಾಠ ಅಲ್ಲಿಗೆ ಮುಗಿಯಿತು.

ನಾನು ಒಂದು ವರಸೆ ತೆಗೆದು ಹಿಂದಕ್ಕೆ ಹೋದೆ. ಎರಡು ದಿನ ಬಿಟ್ಟು ಮತ್ತೆ ಏರಿಸುವಾಗ ಹಲಗೆಯ ಬದಿಪಟ್ಟಿಗಳ ಮೇಲೆ ಒಂದು ಹಳೆಯ ಲುಂಗಿಯ ತುಂಡನ್ನು ಕಮಾನಿನಂತೆ ಹೊದಿಸಿದೆ. ಹಲಗೆ ಸುರಂಗವಾಯಿತು. ಬಯಲಿನಲ್ಲಿ ಇಳಿಯಲು ಒಲ್ಲದವಳು ಸುರಂಗದಲ್ಲಿ ಸರಸರನೆ ಇಳಿದು ಬಂದಳು. ಎತ್ತರದ ಹುಲ್ಲಿನ ನಡುವಿನ ದಾರಿ ಇನ್ನೂ ಅವುಗಳ ಮೈಯಲ್ಲಿದೆ ಎಂದು ಅನಿಸಿದ್ದು ಆಗಲೇ. ನಾಲ್ಕು ದಿನ ಕಳೆದ ಮೇಲೆ ಲುಂಗಿಯನ್ನು ದಿನಕ್ಕೊಂದು ಗೇಣು ಹಿಂದಕ್ಕೆ ಸರಿಸುತ್ತ ತೆಗೆದುಬಿಟ್ಟೆ. ತೆಗೆಯಲೇಬೇಕೆಂದೇನೂ ಇಲ್ಲ, ಇಷ್ಟವಾದರೆ ಹಾಗೆಯೇ ಇರಲಿ.

ಇನ್ನೊಂದು ಉಪಾಯ ಬೆಲ್ಲಳಿಂದ ಕಲಿತದ್ದು. ಧೈರ್ಯಸ್ಥೆ ಮುಂದೆ ನಡೆದರೆ ಪುಕ್ಕಲಿ ಹಿಂದೆ ಬರುತ್ತಾಳೆ. ಒಬ್ಬೊಬ್ಬರಿಗೇ ಬೇರೆಯಾಗಿ ಪಾಠ ಹೇಳಲು ಹೋಗಬೇಡಿ.

ಒಲ್ಲೆ ಎಂದರೆ

ಹಿಂದೆ ಹತ್ತುತ್ತಿದ್ದ ಪ್ರಾಣಿ ಹತ್ತುವುದನ್ನು ನಿಲ್ಲಿಸಿದರೆ ಅದನ್ನು ಮೊಂಡುತನ ಎಂದುಕೊಳ್ಳಬೇಡಿ. ಮೊದಲು ಉಗುರು ನೋಡಿ, ಸುರುಳಿಯಾಗಿ ಬೆಳೆದಿದ್ದರೆ ಕತ್ತರಿಸಬೇಕು. ಅಂಗಾಲು ತಿರುಗಿಸಿ ನೋಡಿ, ಕೆಂಪಗಾಗಿ ಊದಿದ್ದರೆ ಹುಣ್ಣಿನ ಆರಂಭ. ತಂತಿಯ ನೆಲ, ಒದ್ದೆ ಬಟ್ಟೆ ಇದಕ್ಕೆ ಕಾರಣ. ಮೂರನೆಯದು ವಿಟಮಿನ್ ಸಿ. ನಮ್ಮ ಹಾಗೆಯೇ ಗಿನಿ ಪಿಗ್‌ನ ದೇಹಕ್ಕೂ ಅದನ್ನು ತಯಾರಿಸಿಕೊಳ್ಳಲು ಬರುವುದಿಲ್ಲ. ಕೊರತೆಯಾದರೆ ಕೀಲು ನೋವು, ಊತ, ನಡೆಯಲು ಬೇಸರ. ಕೀಲು ನೋಯುವವಳಿಗೆ ಇಳಿಜಾರು ಕಲಿಸಲು ಹೊರಡುವುದು ಅನ್ಯಾಯ. ದಿನಕ್ಕೆ ಒಂದು ತುಂಡು ದಪ್ಪ ಮೆಣಸಿನಕಾಯಿ, ಕೊತ್ತಂಬರಿ, ಆಗೊಮ್ಮೆ ಈಗೊಮ್ಮೆ ಉಗುರಿನಷ್ಟು ಸೀಬೆ ಅಥವಾ ನೆಲ್ಲಿಕಾಯಿ ಕೊಡಿ. ಹೊಟ್ಟೆ ತುಂಬಬೇಕಾದದ್ದು ಮಾತ್ರ ಒಣಹುಲ್ಲಿನಿಂದ ಮತ್ತು ಗರಿಕೆಯಿಂದ. ಕುದುರೆ ಮಸಾಲೆ (ಲೂಸರ್ನ್ ಮೇವು) ಸೊಪ್ಪಿನಲ್ಲಿ ಸುಣ್ಣದ ಅಂಶ ಹೆಚ್ಚು, ಬೆಳೆದ ಪ್ರಾಣಿಗೆ ನಿತ್ಯ ಬೇಡ. ನಮ್ಮ ಜಿಲ್ಲೆಯವರಿಗೆ ಒಂದು ಎಚ್ಚರಿಕೆ: ತೋಟದಿಂದ ತಂದ ಟೊಮೆಟೊ ಗಿಡದ ಎಲೆ, ಕಾಂಡ, ಹಸಿರು ಕಾಯಿ ಅವುಗಳಿಗೆ ವಿಷ. ಮಾಗಿದ ಹಣ್ಣಿನ ಒಂದು ತುಂಡಾದರೆ ಅಡ್ಡಿಯಿಲ್ಲ.

ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಒಂದು ಕಿಲೋದವಳು ಒಮ್ಮೆಗೇ 50 ಗ್ರಾಂ ಇಳಿದರೆ ಕಣ್ಣಿಟ್ಟಿರಿ, 100 ಗ್ರಾಂ ಇಳಿದರೆ ಪಶುವೈದ್ಯರ ಬಳಿ ಹೋಗಿ. ಇಲ್ಲಿನ ವೈದ್ಯರು ಹೆಚ್ಚಾಗಿ ನೋಡುವುದು ಹಸು, ಎಮ್ಮೆ, ಕುರಿಗಳನ್ನು. ಸಣ್ಣ ಪ್ರಾಣಿಗಳನ್ನು ನೋಡಿ ಅನುಭವವಿರುವವರು ಎಲ್ಲಿ ಸಿಗುತ್ತಾರೆ ಎಂದು ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ಹೊಸ ಪಾಠ ಶುರು ಮಾಡಬೇಡಿ. ಅವುಗಳಿಗೆ ಹಿತವೆನಿಸುವುದು 18ರಿಂದ 24 ಡಿಗ್ರಿ ಸೆಲ್ಸಿಯಸ್. ನಮ್ಮ ಕಡೆ ಏಪ್ರಿಲ್‌ನಲ್ಲಿ ಅದು ಕನಸಿನ ಮಾತು, ಶೀಟಿನ ಮನೆಯಾದರೆ ಕೇಳುವುದೇ ಬೇಡ. ಅಟ್ಟವನ್ನು ಮಧ್ಯಾಹ್ನ ಮುಚ್ಚಿ, ಕೆಳಗಿನ ಗೂಡಿನಲ್ಲಿ ನೆರಳಿನಲ್ಲಿಟ್ಟ ಹೆಂಚೊಂದನ್ನು ಹಾಸಿದರೆ ಹೊಟ್ಟೆ ಅಂಟಿಸಿಕೊಂಡು ಮಲಗುತ್ತವೆ. ಗಬ್ಬದ ಪ್ರಾಣಿಗೆ, ಎಳೆಯ ಮರಿಗಳಿಗೆ ಅಟ್ಟವೇ ಬೇಡ.

ನಾಲ್ಕನೆಯ ವರಸೆ ಏರಿದ ವಾರ ಕಡಲೆ ಹಲಗೆಯ ಕೆಳತುದಿಯಲ್ಲಿ ಇದ್ದಕ್ಕಿದ್ದಂತೆ ನಾಲ್ಕೂ ಕಾಲೆತ್ತಿ ಗಾಳಿಯಲ್ಲಿ ಚಂಗನೆ ನೆಗೆದಳು. ಜೋಳ ಅರಳಿದಂತಿರುವ ಆ ಕುಣಿತ ಖುಷಿಯದು. ಅಮ್ಮ ನೋಡಿ "ಏನೇ ಇದಕ್ಕೆ ಬಂದಿದ್ದು?" ಎಂದು ಗಾಬರಿಯಾದರು. ಅದು ನಾಲ್ಕು ವರ್ಷದ ಹಿಂದಿನ ಮಾತು. ಈಗ ಕಡಲೆಗೆ ಐದು ತುಂಬಿದೆ. ಕಳೆದ ತಿಂಗಳು ಹಲಗೆಯ ತಲೆಯಲ್ಲಿ ನಿಂತು ಮತ್ತೆ ಮೊದಲಿನಂತೆ ಕಾಲು ಇಳಿಸುವುದು, ಎಳೆದುಕೊಳ್ಳುವುದು ಮಾಡಿದಳು. ಅವತ್ತೇ ಸಂಜೆ ಅಟ್ಟದ ಕೆಳಗಿನಿಂದ ಒಂದು ವರಸೆ, ಎಂಟು ಇಟ್ಟಿಗೆ, ತೆಗೆದು ಹಿತ್ತಲಿಗೆ ಹಾಕಿದೆ.